ಬರೂದಿದ್ರ ಬರ್ರಿ, ಇಲ್ಲಂದ್ರ ಬ್ಯಾಡ

ಈಚೆಗೆ ಶಹಾಪುರದ ನಮ್ಮ ಓಣಿಯಲ್ಲಿ ದಿನಾ ಮುಂಜಾನೆ ಒಂದು ಆಟೋ ಮೈಕು ಕಟ್ಟಿಕೊಂಡು ಹಾಯುತ್ತದೆ. ಸೀರೆ ಮಾರಾಟವಿರಲಿ, ಭಾಷಣವಿರಲಿ, ಕಣ್ಣಿನ ತಪಾಸಣೆ ಇರಲಿ, ಅದು ಕೂಗುವುದು ಒಂದೇ ಮಾತು: ಬನ್ನಿರಿ, ತಪ್ಪದೇ ಬನ್ನಿರಿ, ಮರೆತು ನಿರಾಶರಾಗದಿರಿ. ಅದನ್ನು ಕೇಳಿದಾಗಲೆಲ್ಲ ನನಗೆ ನಮ್ಮ ಕಾಕಾ ನೆನಪಾಗುತ್ತಾರೆ. ನಾನು ಕಂಡವರಲ್ಲೆಲ್ಲ ದೊಡ್ಡ ದನಿ ಅವರದು. ಅವರಷ್ಟು ಕೆಟ್ಟದಾಗಿ ಜನರನ್ನು ಕರೆಯುವವರನ್ನೂ ನಾನು ಇನ್ನೂ ಕಂಡಿಲ್ಲ.

ಕಾಕಾ ಎಂದರೆ ಸಂಬಂಧದಲ್ಲಿ ನನಗೆ ಏನೂ ಅಲ್ಲ. ನಮ್ಮ ಕಡೆ ವಯಸ್ಸಾದ ಗಂಡಸು ಜೊತೆಗೆ ಕೂತು ರೊಟ್ಟಿ ತಿಂದರೆ ಕಾಕಾ ಆಗಿಬಿಡುತ್ತಾನೆ. ಹೆಸರು ಬರೆಯುವುದಿಲ್ಲ. ಊರೂರಲ್ಲಿ ಹೆಸರು ಕೇಳಿದವರಿಗೆ ಅವರೇ ಹೇಳುತ್ತಿರಲಿಲ್ಲ, ನಾನ್ಯಾಕೆ ಹೇಳಲಿ.

ನಿಜಾಮರ ಆಳಿಕೆ ಮುಗಿದು, ಕನ್ನಡ ನಾಡು ಒಂದಾಗುವುದಕ್ಕೆ ಇನ್ನೂ ಕೆಲವು ವರ್ಷ ಬಾಕಿ ಇದ್ದ ಕಾಲ ಅದು. ಹಳೆಯ ಸರ್ಕಾರ ಹೋಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಹೊಸದು ಬಂದಿದೆ ಎಂಬ ಸುದ್ದಿ ಯಾದಗಿರಿ ಸ್ಟೇಷನ್ನಿನವರೆಗೆ ಬಂದು ನಿಂತಿತ್ತು. ನಾನು ಉರ್ದು ಶಾಲೆಯಲ್ಲಿ ಓದಿದವನು, ಕನ್ನಡವನ್ನು ಬಾಯಿಂದ ಮಾತ್ರ ಬಲ್ಲವನು, ಕೆಲಸವಿಲ್ಲದೆ ಯಾದಗಿರಿಯಲ್ಲಿ ತಿರುಗುತ್ತಿದ್ದೆ. ಗದಗಿನ ಕಡೆಯ ಮಾಸ್ತರರೊಬ್ಬರು ಬಂದು ಹುಡುಗರನ್ನು ಕೂಡಿಸಿ ಊರೂರು ತಿರುಗುವ ಸೇವಾ ತಂಡ ಕಟ್ಟುತ್ತಿದ್ದಾರೆ ಎಂದು ಕೇಳಿ ಹೋಗಿ ಸೇರಿಕೊಂಡೆ. ದೇಶಸೇವೆಯ ಹಂಬಲ ಇರಲಿಲ್ಲ ಎನ್ನಲಾರೆ, ಆದರೆ ಊಟವೂ ಅವರದೇ ಎಂದಿದ್ದರು.

ನಮ್ಮ ಆಸ್ತಿ ಒಂದು ಚಕ್ಕಡಿ, ಅದರಲ್ಲಿ ಸಲಿಕೆ, ಗುದ್ದಲಿ, ಬುಟ್ಟಿ, ಬಾವಿಗೆ ಇಳಿಯುವ ಹಗ್ಗ. ಒಂದು ಊರಿಗೆ ಹೋಗುವುದು, ಚಾವಡಿಯಲ್ಲೋ ಗುಡಿಯ ಪೌಳಿಯಲ್ಲೋ ಹಾಸಿಗೆ ಬಿಚ್ಚುವುದು, ಹೂಳು ತುಂಬಿದ ಬಾವಿಯನ್ನೋ ಕಿತ್ತುಹೋದ ದಾರಿಯನ್ನೋ ಊರವರ ಜೊತೆ ಕೂಡಿ ಸರಿಮಾಡುವುದು, ಮುಂದಿನ ಊರಿಗೆ ಹೊರಡುವುದು. ಊರವರ ಜೊತೆ ಎಂಬುದು ಮುಖ್ಯ. ನಾವೇ ಮಾಡಿಕೊಟ್ಟು ಹೋದರೆ ಅದು ಸೇವೆಯಲ್ಲ ಕೂಲಿ ಎಂದು ಮಾಸ್ತರರ ಸಿದ್ಧಾಂತ. ಅದಕ್ಕಾಗಿ ಅವರು ಪ್ರತಿ ಊರಿನಲ್ಲೂ ಭಾಷಣ ಮಾಡುತ್ತಿದ್ದರು. ಸ್ವಯಂಸೇವಕ ಎಂದರೇನು ಎಂಬುದು ಅದರ ತಿರುಳು. ಸ್ವಯಂ ಎಂದರೆ ತಾನಾಗಿ, ಯಾರ ಒತ್ತಾಯವೂ ಇಲ್ಲದೆ. ಜನ ತಲೆಯಾಡಿಸುತ್ತಿದ್ದರು. ಶುದ್ಧ ಭಾಷೆಯಲ್ಲಿ ಯಾರು ಏನು ಹೇಳಿದರೂ ತಲೆಯಾಡಿಸಿ ಮನೆಗೆ ಹೋಗುವುದು ಅವರಿಗೆ ಮೊದಲಿನಿಂದ ರೂಢಿ. ಒಂದೂರಿನಲ್ಲಿ ಮಾಸ್ತರರು ನಾವು ಸೇವೆಗಾಗಿ ಬಂದಿದ್ದೇವೆ ಎಂದಾಗ, ಕಿವಿ ಮಂದವಾದ ಮುದುಕಿಯೊಬ್ಬಳು ಚಳಿಗಾಲದಲ್ಲಿ ಶಾವಿಗೆ ಎಲ್ಲಿಂದ ತರಲಿ, ಬೇಸಿಗೆಯಲ್ಲಿ ಹೊಸೆಯುವಾಗ ಬನ್ನಿ ಎಂದು ನಮ್ಮನ್ನು ಸಮಾಧಾನ ಮಾಡಿ ಕಳಿಸಿದಳು.

ಕಾಕಾ ಸಿಕ್ಕಿದ್ದು ದೋರನಹಳ್ಳಿಯಲ್ಲಿ. ಅಷ್ಟರಲ್ಲಿ ಮಾಸ್ತರರ ಗಂಟಲು ಕಟ್ಟಿತ್ತು. ಊರು ದೊಡ್ಡದು, ಮುಂದೆ ಕೂತವರಿಗೇ ಭಾಷಣ ಕೇಳಿಸುತ್ತಿರಲಿಲ್ಲ. ಆಗ ಹಿಂದುಗಡೆಯಿಂದ, ಕಂಬಳಿ ಹೊದ್ದು ನಿಂತಿದ್ದ ಒಬ್ಬ ಎತ್ತರದ ಮನುಷ್ಯ ಎಡಗಿವಿಯ ಮೇಲೆ ಅಂಗೈ ಇಟ್ಟು ಮಾಸ್ತರರ ಅರ್ಧ ತಾಸಿನ ಮಾತನ್ನು ಒಂದೇ ಉಸಿರಿನಲ್ಲಿ ಊರಿಗೆಲ್ಲ ಕೇಳಿಸಿದರು:

"ಬಾವ್ಯಾಗಿನ ಹೂಳ ತಗೀತಾರಂತ. ಬರೂದಿದ್ರ ಬರ್ರಿ, ಇಲ್ಲಂದ್ರ ಬ್ಯಾಡ."

ಆ ದನಿ ಹೊಲದಲ್ಲಿದ್ದವರನ್ನೂ ಮುಟ್ಟಿತು. ಜನ ಹಗುರಾಗಿ ಎದ್ದು ಮನೆಗೆ ಹೋದರು. ಮರುದಿನ ಬಾವಿಯ ಹತ್ತಿರ ಬಂದವರು ನಾವು, ಮತ್ತೆ ಅವರು. ಆದರೂ ಮಾಸ್ತರರಿಗೆ ಆ ದನಿ ಬೇಕಾಯಿತು. ನಮ್ಮ ಜೊತೆ ಬರುತ್ತೀರಾ ಎಂದು ಕೇಳಿದರು. ಕಾಕಾ ದೋರನಹಳ್ಳಿಯಲ್ಲಿ ತಮ್ಮ ಅಕ್ಕನ ಮನೆಯಲ್ಲಿದ್ದು ಅವಳ ಕುರಿ ಕಾಯುತ್ತಿದ್ದರು. ಕುರಿಗಳನ್ನು ಅಳಿಯನಿಗೆ ಒಪ್ಪಿಸಿ ಅದೇ ದಿನ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟರು. ಅಕ್ಕ ಯಾಕೆ ಹೊರಟೆ ಎಂದಳು. ಇವರಿಗೆ ಕರೆಯುವವರಿಲ್ಲ ಎಂದರು. ಕರೆಯುವ ಕೆಲಸ ಬಿಟ್ಟಾಗಿದೆ ಎಂದು ಆಣೆ ಮಾಡಿದ್ದೆಯಲ್ಲ ಎಂದು ಅವಳು ಕೇಳಿದ್ದು ನನಗೆ ಕೇಳಿಸಿತು. ಅದರ ಅರ್ಥ ಆಗ ಹೊಳೆಯಲಿಲ್ಲ.

ಅವರಲ್ಲಿ ಹೊಗಳುವಂಥದ್ದು ದನಿಯೊಂದನ್ನು ಬಿಟ್ಟರೆ ಹೆಚ್ಚಿಗೆ ಇರಲಿಲ್ಲ. ನಮ್ಮೆಲ್ಲರಿಗಿಂತ ಹೆಚ್ಚು ರೊಟ್ಟಿ ತಿನ್ನುತ್ತಿದ್ದರು. ಪುಂಡಿಪಲ್ಯ ಇದ್ದ ದಿನ ಅವರ ಪಕ್ಕ ಕೂರಲು ಹುಡುಗರು ಹಿಂಜರಿಯುತ್ತಿದ್ದರು, ಪಲ್ಯದ ಗಡಿಗೆ ಅವರ ಕಡೆಗೇ ಸರಿಯುತ್ತಿತ್ತು. ವಯಸ್ಸು ಕೇಳಿದರೆ ದಿನಕ್ಕೊಂದು ಹೇಳುತ್ತಿದ್ದರು. ದನಿಯ ಬಗ್ಗೆ ಹೆಮ್ಮೆ ಬಹಳ, ಗಂಟಲಿಗೆಂದು ಒಂದು ಚೂರು ಬೆಲ್ಲ ಸದಾ ಬಾಯಲ್ಲಿ. ಎಲ್ಲಕ್ಕಿಂತ ವಿಚಿತ್ರವೆಂದರೆ ಆ ಮೈಕಟ್ಟಿನ ಮನುಷ್ಯನಿಗೆ ಸಲಿಕೆ ಹಿಡಿಯಲು ಬರುತ್ತಿರಲಿಲ್ಲ. ಕೊಟ್ಟರೆ ಊರುಗೋಲಿನಂತೆ ಹಿಡಿದು ನಿಲ್ಲುತ್ತಿದ್ದರು. ನಾನು ಕರಿಯಾಂವ ತಮ್ಮಾ, ಅಗಿಯಾಂವ ಅಲ್ಲ ಎನ್ನುತ್ತಿದ್ದರು.

ಇನ್ನೊಂದು ಅಭ್ಯಾಸ. ಕೂಗಿ ಮುಗಿಸಿದ ಕೂಡಲೇ ಊರಿಗೆ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದರು. ಯಾರು ಬಾಗಿಲು ತೆರೆದರು, ಯಾರು ಮುಚ್ಚಿಕೊಂಡರು, ನೋಡುತ್ತಲೇ ಇರಲಿಲ್ಲ. ಒಳ್ಳೆಯ ಕರೆಗಾರ ಬರುವವರಿಗೆ ನಗುಮುಖ ತೋರಿಸಬೇಕು ಎಂದು ಮಾಸ್ತರರು ತಿಳಿಹೇಳಿದರು. ಕಾಕಾ ಆತ್ರಿ ಎಂದರು, ಮರುದಿನವೂ ಬೆನ್ನು ತಿರುಗಿಸಿದರು.

ಜಗಳವಾಗುತ್ತಿದ್ದುದು "ಇಲ್ಲಂದ್ರ ಬ್ಯಾಡ" ಎಂಬ ಬಾಲದ ಬಗ್ಗೆ. ಮಾಸ್ತರರದ್ದೇನೂ ತಪ್ಪು ವಾದವಲ್ಲ. ಮದುವೆಗೆ ಕರೆಯಲು ಹೋಗಿ ಬರದಿದ್ದರೂ ನಡೆಯುತ್ತದೆ ಎಂದರೆ ಯಾರು ಬಂದಾರು ಎಂದು ಕೇಳುತ್ತಿದ್ದರು. ಕಾಕಾ, ಅದಿಲ್ಲದ ಕರೆ ಕರೆಯಲ್ಲ ಎಂದಷ್ಟೇ ಹೇಳಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಜನ ಕಾಕಾ ಕೊಟ್ಟ ಅನುಮತಿಯನ್ನು ಅಕ್ಷರಶಃ ಪಾಲಿಸಿದರು. ದೋರನಹಳ್ಳಿಯಿಂದ ಸುರಪುರದ ಹಾದಿಯವರೆಗೆ ನಾವು ಹುಡುಗರೇ ಬಾವಿಗಿಳಿದು ಹೂಳೆತ್ತಿದೆವು. ಎರಡು ಬಾವಿಗಳನ್ನು ಅರ್ಧಕ್ಕೆ ಬಿಟ್ಟು ಹೊರಡಬೇಕಾಯಿತು. ಆ ಊರುಗಳ ಹೆಂಗಸರು ಹಳ್ಳದ ಒರತೆಗೆ ಕೊಡ ಹೊತ್ತು ನಡೆಯುವುದು ತಪ್ಪಲಿಲ್ಲ, ಅದಕ್ಕೆ ಕಾಕಾರ ಹಟವೂ ಒಂದು ಕಾರಣವೆಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಸುರಪುರಕ್ಕೆ ಮುಂಚೆ ಸಿಗುವ ಒಂದು ಊರಿನಲ್ಲಿ ಮಾಸ್ತರರ ತಾಳ್ಮೆ ಮುಗಿಯಿತು. ಮುಂಗಾರು ಹತ್ತಿರ ಬಂದಿತ್ತು, ಬಾವಿಯ ತಳದಲ್ಲಿ ಕೆಸರು ಬಿಟ್ಟು ಏನೂ ಇರಲಿಲ್ಲ. ಇವತ್ತೊಂದು ದಿನ ಬಾಲ ಬಿಟ್ಟು ಕರೆಯಿರಿ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದರು. ಹಿರಿಯ ಮನುಷ್ಯ, ಕಲಿತವರು, ಕಾಲಿಗೆ ಬೀಳುವ ಮಾತಾಡಿದರೆ ಯಾರು ತಡೆದಾರು. ಕಾಕಾ ಊರಬಾಗಿಲ ಅಗಸಿಗೆ ಹೋಗಿ ನಿಂತರು, ಕಿವಿಗೆ ಕೈ ಹೋಯಿತು. ಬಾಯಿಂದ ಬಂದದ್ದು ನಾವು ಎಂದೂ ಕೇಳದ ಮಾತು.

"ಮನಿಗೊಂದಾಳು ಬರ್ರೆಪೋ. ಮನಿಗೊಂದಾಳು."

ಊರು ಬಂತು. ಹೇಗೆ ಬಂತೆಂದರೆ, ಓಡಿ ಬಂತು. ಒಬ್ಬನ ಒಂದು ಕೈಯಲ್ಲಿ ಸಲಿಕೆ, ಇನ್ನೊಂದು ಕೈಗೆ ಉಣ್ಣುತ್ತಿದ್ದ ನುಚ್ಚು ಮೆತ್ತಿಕೊಂಡಿತ್ತು. ಮುದುಕರು ಬಂದರು, ಗಂಡಸರಿಲ್ಲದ ಮನೆಯಿಂದ ಸೊಸೆ ಬಂದಳು. ಮಾಸ್ತರರ ಮುಖ ಅರಳಿತು. ಕರೆಗೆ ಬಾಲ ಇಲ್ಲದಿದ್ದರೆ ಹೀಗೆ ಎಂದು ನಮ್ಮ ಕಡೆ ನೋಡಿದರು. ಕೆಲಸ ಹೊತ್ತು ಮುಳುಗುವವರೆಗೆ ನಡೆಯಿತು. ಯಾರೂ ಮಾತಾಡಲಿಲ್ಲ, ಹಾಡಲಿಲ್ಲ, ಎಲೆಅಡಿಕೆ ಬಿಚ್ಚಲಿಲ್ಲ, ನೀರು ಸಹ ಕೇಳಲಿಲ್ಲ. ಮಾಸ್ತರರು ಎಂಥ ಶಿಸ್ತು, ಎಂಥ ಶಿಸ್ತು ಎಂದು ದಂಡೆಯ ಮೇಲೆ ಓಡಾಡಿದರು. ಬಾವಿ ಪೂರ್ತಿ ಚೊಕ್ಕವಾಯಿತು. ಕಾಕಾ ಮಾತ್ರ ಬೇವಿನ ಮರದ ಕೆಳಗೆ ಕಂಬಳಿ ಮುಚ್ಚಿಕೊಂಡು ಕೂತಿದ್ದರು. ಊಟಕ್ಕೆ ಕರೆದರೂ ಏಳಲಿಲ್ಲ, ಪುಂಡಿಪಲ್ಯ ಇತ್ತು.

ಕೆಲಸ ಮುಗಿಯಿತು, ಜನ ಮನೆಗೆ ಹೋಗಲಿಲ್ಲ. ಸಾಲಾಗಿ ನೆಲ ನೋಡುತ್ತ ನಿಂತರು. ಭಾಷಣಕ್ಕೆ ಕಾಯುತ್ತಿದ್ದಾರೆ ಎಂದು ತಿಳಿದು ಮಾಸ್ತರರು ಸ್ವಯಂಸೇವೆಯ ಮೇಲೆ ಬಹಳ ಚೆನ್ನಾಗಿ ಮಾತಾಡಿದರು. ಅದು ಮುಗಿದರೂ ಯಾರೂ ಹೋಗಲಿಲ್ಲ. ಒಬ್ಬ ಮುದುಕನ ಕಾಲು ನಡುಗುತ್ತಿತ್ತು, ಆದರೂ ಕೂರಲಿಲ್ಲ. ಮಾಸ್ತರರು ಏನು ಮಾಡುವುದೆಂದು ತಿಳಿಯದೆ ಇನ್ನೊಮ್ಮೆ ವಂದನೆ ಹೇಳಿದರು. ಆಗ ಬೇವಿನ ಮರದ ಕಡೆಯಿಂದ ಕಾಕಾರ ದನಿ ಬಂತು, ಈ ಸಲ ಒಡೆದ ದನಿ:

"ಬಿಟ್ಟಿ ಬಿಟ್ಟೈತ್ರೆಪೋ. ಮನಿಗಿ ಹೋಗ್ರಿ."

ಕ್ಷಣದಲ್ಲಿ ಬಯಲು ಖಾಲಿಯಾಯಿತು. ಮಾಸ್ತರರು ಬಾವಿಯ ಕಟ್ಟೆಯ ಮೇಲೆ ಕೂತರು.

ಬಿಟ್ಟಿ ಎಂದರೆ ಈಗಿನವರಿಗೆ ಪುಕ್ಕಟೆ ಸಿಕ್ಕಿದ್ದು. ಆಗಿನವರಿಗೆ ಪುಕ್ಕಟೆ ದುಡಿದದ್ದು. ನಿಜಾಮರ ಕಾಲದಲ್ಲಿ ಜಾಗೀರದಾರರ ವಾಡೆಗೆ ಗೋಡೆ ಕಟ್ಟಬೇಕು, ಕುದುರೆಗೆ ಹುಲ್ಲು ಬೇಕು, ಬಂದ ಸಾಹೇಬರ ಸಾಮಾನು ಮುಂದಿನ ಊರಿಗೆ ಹೊರಬೇಕು ಎಂದರೆ ಮನೆಗೊಂದು ಆಳು ಹೋಗಲೇಬೇಕು. ಉಣ್ಣುವುದಿದ್ದರೂ, ಬಿತ್ತುವುದಿದ್ದರೂ, ಮೈಯಲ್ಲಿ ಜ್ವರವಿದ್ದರೂ. ಬಿಟ್ಟಿತು ಎಂದು ಕೂಗುವವರೆಗೆ ಮನೆಗೆ ತಿರುಗುವಂತಿಲ್ಲ. ಅಂಥ ಒಂದು ಜಾಗೀರಿನ ಊರುಗಳಲ್ಲಿ ಹಾಗೆ ಕೂಗುತ್ತಿದ್ದವರು ನಮ್ಮ ಕಾಕಾ. ಈ ಊರು ಅದರದ್ದೇ ಒಂದು. ಜಾಗೀರು ಹೋಗಿ ವರ್ಷಗಳಾಗಿದ್ದವು, ದನಿ ಹೋಗಿರಲಿಲ್ಲ.

ಮರುದಿನ ಚಕ್ಕಡಿಯ ಹಿಂದೆ ನಡೆಯುತ್ತ ಅವರೇ ಇದನ್ನೆಲ್ಲ ನನಗೆ ಹೇಳಿದರು. ಕುರಿ ಕಾಯುವ ಹುಡುಗನಾಗಿದ್ದಾಗ, ಗುಡ್ಡದ ಮೇಲಿಂದ ಕುರಿ ಕರೆಯುವುದನ್ನು ಜಾಗೀರಿನ ಕಚೇರಿಯವರು ಕೇಳಿ ಹಿಡಿದುಕೊಂಡು ಹೋಗಿದ್ದರಂತೆ.

"ನಂದೂ ಬಿಟ್ಟೀನ ತಮ್ಮಾ. ಮಂದಿ ಮೈ ಬಿಟ್ಟಿ, ನಂದು ದನಿ ಬಿಟ್ಟಿ. ಕೂಗಿದ ಮ್ಯಾಗ ಯಾರ ಮನ್ಯಾಗಿಂದ ಬಂದಿಲ್ಲ ಅಂತ ನೋಡಿ ಹೇಳೂದೂ ನಂದ ಕೆಲಸ. ಅದಕ್ಕ ಈಗ ನೋಡೂದಿಲ್ಲ."

ಆಮೇಲೆ, ಕುರಿ ಸಹ ಕರೆದಾಗ ಒಮ್ಮೊಮ್ಮೆ ಬರುವುದಿಲ್ಲ, ಮನುಷ್ಯರು ಒಬ್ಬರೂ ತಪ್ಪದೇ ಬರುತ್ತಿದ್ದರು, ಬರುವುದಿಲ್ಲ ಎಂದು ಒಬ್ಬರಾದರೂ ತನ್ನ ಮುಖಕ್ಕೆ ಹೇಳುವುದನ್ನು ಕೇಳಿ ಸಾಯಬೇಕು ಎಂದರು. ತಂಡಕ್ಕೆ ಸೇರಿದ್ದು ಅದಕ್ಕೇ ಅಂತೆ. ನಾವು ಮಾಡುತ್ತಿದ್ದ ಸೇವೆಯ ಬಗ್ಗೆ ಅವರಿಗೆ ವಿಶೇಷ ಅಭಿಪ್ರಾಯವೇನೂ ಇರಲಿಲ್ಲ.

ಆಮೇಲೆ ಮಾಸ್ತರರು ಬಾಲದ ಸುದ್ದಿ ಎತ್ತಲಿಲ್ಲ. ಅಷ್ಟೇ ಅಲ್ಲ, ತಮ್ಮ ಭಾಷಣದ ಕೊನೆಗೂ ಇಚ್ಛೆಯುಳ್ಳವರು ಆಗಮಿಸಬಹುದು, ಇಚ್ಛೆಯಿಲ್ಲದವರು ಆಗಮಿಸದಿರಬಹುದು ಎಂದು ಸೇರಿಸತೊಡಗಿದರು. ಅದು ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಕೆಲವರು ಬಂದರು.

ಕಾಕಾರ ಆಸೆ ಮೊದಲು ನೆರವೇರಿದ್ದು ರಂಗಂಪೇಟೆಯ ಹತ್ತಿರ. ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ಒಬ್ಬ ಕರೆ ಕೇಳಿ ಎತ್ತು ನಿಲ್ಲಿಸದೇ, ನಾ ಬರೂದಿಲ್ಲ, ಕೆಲಸೈತಿ ಎಂದು ತಿರುಗಿ ಕೂಗಿದ. ಕಾಕಾ ಬದು ದಾಟಿ ಅವನ ಕಡೆ ಓಡಿದರು. ಹೊಡೆಯಲು ಬಂದರೆಂದು ಅವನು ಬಾರುಕೋಲು ಎತ್ತಿಕೊಂಡ. ಇವರು ಇನ್ನೊಮ್ಮೆ ಹೇಳು ಎಂದರು. ಅವನು ಅನುಮಾನದಿಂದ ಇನ್ನೊಮ್ಮೆ ಹೇಳಿದ. ಕಾಕಾ ಅವನನ್ನು ಬದುವಿನ ಮೇಲೆ ಕೂರಿಸಿ ತಮ್ಮ ಚೀಲದ ಎಲೆಅಡಿಕೆಯನ್ನೆಲ್ಲ ಅವನ ಮುಂದೆ ಇಟ್ಟರು, ಗಂಟಲಿಗೆಂದು ಇಟ್ಟುಕೊಂಡಿದ್ದ ಬೆಲ್ಲವನ್ನೂ ಕೊಟ್ಟರು. ತಲೆ ಕೆಟ್ಟವರು ಯಾರೋ ಬಂದಿದ್ದಾರೆ ಎಂದು ಅವನು ಸಂಜೆ ಊರಲ್ಲಿ ಹೇಳಿದನಂತೆ. ಅದನ್ನು ನೋಡಲೆಂದು ಮರುದಿನ ಬಹಳ ಜನ ಕೆಲಸಕ್ಕೆ ಬಂದರು.

ಅಷ್ಟಕ್ಕೆ ಅವರು ತೃಪ್ತರಾಗಬೇಕಿತ್ತು. ಆದರೆ ನಮ್ಮ ಮುಂದಿನ ಊರು ಕೊಡೇಕಲ್ ಹಾದಿಯಲ್ಲಿತ್ತು, ಅದು ಕಾಕಾರ ಸ್ವಂತ ಊರು. ಕೊಡೇಕಲ್ಲಿಗೆ ನಡೆದು ಹೋಗುವ ಭಕ್ತರು, ಕುರಿ ಹಿಂಡಿನವರು ಎಲ್ಲ ನೀರು ಕುಡಿಯುವ ಬಾವಿ ಹೂಳು ತುಂಬಿದೆ, ಬನ್ನಿ ಎಂದು ಊರವರೇ ಹೇಳಿ ಕಳಿಸಿದ್ದರು. ಕಾಕಾ ಹೊರಡದಿರಲು ನಾನಾ ನೆಪ ತೆಗೆದರು. ಆ ಬಾವಿ ಚೆನ್ನಾಗಿಯೇ ಇದೆ ಎಂದರು. ಅಲ್ಲಿಯ ನಾಯಿಗಳು ಕೆಟ್ಟವು ಎಂದರು. ಕೊನೆಗೆ ತಮಗೆ ಗಂಟಲು ಕಟ್ಟಿದೆ ಎಂದರು, ಅದನ್ನು ಹೇಳಿದ ದನಿಗೆ ಗಿಡದ ಮೇಲಿನ ಹಕ್ಕಿಗಳು ಎದ್ದವು. ಜಾಗೀರು ಹೋದ ದಿನ ಊರು ಬಿಟ್ಟವರು ಮತ್ತೆ ಆ ಕಡೆ ಕಾಲಿಟ್ಟಿರಲಿಲ್ಲ.

ಆದರೂ ಬಂದರು. ಓಣಿ ಓಣಿಯಲ್ಲಿ ನಿಂತು ಬಾಲ ಸಹಿತ ಕೂಗಿದರು, ಬೆನ್ನು ತಿರುಗಿಸಿದರು. ಹೇಳಿ ಕಳಿಸಿದ್ದ ಊರು ಆ ದನಿಯ ಗುರುತು ಹಿಡಿದು ಒಂದು ಬಾಗಿಲೂ ತೆರೆಯಲಿಲ್ಲ. ಕೊನೆಯ ಓಣಿಯ ಕೊನೆಯ ಮನೆಯಲ್ಲಿ ಮಾತ್ರ, ಆಡಿನ ಹಗ್ಗ ಕೈಯಲ್ಲಿ ಹಿಡಿದಿದ್ದ ಒಬ್ಬ ಹೆಂಗಸು ಹೊರಗೆ ಬಂದಳು. ಕಾಕಾರಿಗಿಂತ ಸ್ವಲ್ಪ ಸಣ್ಣವಳು. ಬೆನ್ನು ತಿರುಗಿಸಿ ನಿಂತವರ ಎದುರಿಗೆ ಸುತ್ತಿ ಬಂದು ನಿಂತಳು. ನಾನು ಪಕ್ಕದಲ್ಲೇ ಇದ್ದೆ.

"ಅವತ್ತ ಯಾಕ ಅನಲಿಲ್ಲ ಈ ಮಾತು?" ಎಂದಳು. "ಇಲ್ಲಂದ್ರ ಬ್ಯಾಡ ಅಂತ ಒಂದ ಮಾತು. ಅಂದಿದ್ರ ನನ್ನ ಗಂಡ ಮನ್ಯಾಗ ಮಲಗಿರ್ತಿದ್ದ."

ಅವಳ ಗಂಡನಿಗೆ ಜ್ವರವಿತ್ತಂತೆ. ಕರೆ ಕೇಳಿ ಎದ್ದು ಹೋಗಿ, ಯಾರದೋ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಕೊಡೇಕಲ್ಲಿನವರೆಗೆ ನಡೆದು ಬಂದು, ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಇದನ್ನು ಅವಳು ಯಾರದೋ ಮನೆಯ ಸುದ್ದಿಯಂತೆ ಹೇಳಿದಳು. ಕಾಕಾ ಕಿವಿಯ ಮೇಲಿನ ಕೈಯನ್ನು ಇನ್ನೂ ಇಳಿಸಿರಲಿಲ್ಲ.

"ಅನಬಹುದು ಅಂತ ನನಗ ಗೊತ್ತಿದ್ದಿಲ್ಲ ತಂಗೆವ್ವಾ" ಎಂದರು.

"ಈಗ ಗೊತ್ತಾತಿಲ್ಲ. ಹಂಗಂದ್ರ ಕೇಳು. ನಾ ಬರೂದಿಲ್ಲ. ನೀ ಇರೂತನಾ, ನೀ ಕರದಲ್ಲಿ ಬರೂದಿಲ್ಲ."

"ಆತು ತಂಗೆವ್ವಾ."

ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ರಂಗಂಪೇಟೆಯಲ್ಲಿ ಎಲೆಅಡಿಕೆ ಹಂಚಿದ ಮನುಷ್ಯ ಇಲ್ಲಿ ಬಾವಿಯ ಹತ್ತಿರ ಬಂದು, ಯಾರನ್ನೂ ಕೇಳದೆ, ಒಂದು ಸಲಿಕೆ ಎತ್ತಿಕೊಂಡು ಕೆಳಗಿಳಿದರು. ಅಗೆಯಲು ಬರುವುದಿಲ್ಲ ಎಂದದ್ದು ಸುಳ್ಳಲ್ಲ. ಅರ್ಧ ಕೆಸರು ಬುಟ್ಟಿಗೆ, ಅರ್ಧ ನಮ್ಮ ಮೈಮೇಲೆ. ಸಂಜೆಗೆ ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು, ರೊಟ್ಟಿ ಮುರಿಯಲು ಆಗದೆ ನಾನು ಮುರಿದುಕೊಟ್ಟೆ. ಎಷ್ಟೋ ಜನರನ್ನು ಈ ಕೆಲಸಕ್ಕೆ ಕರೆದಿದ್ದೇನೆ, ಇದು ಇಷ್ಟು ನೋಯುತ್ತದೆಂದು ಯಾರೂ ಹೇಳಲಿಲ್ಲ ಎಂದರು. ನನಗೆ ನಗು ಬಂತು, ಆಮೇಲೆ ಅಳು ಬಂತು, ಎರಡನ್ನೂ ತಡೆದುಕೊಂಡೆ.

ವಾಡೆಯ ಕರೆಗಾರ ಬಾವಿಗಿಳಿದಿದ್ದಾನೆ ಎಂಬ ಸುದ್ದಿಗೆ ಮೊದಲು ಹುಡುಗರು ನೋಡಲು ಬಂದರು, ಬೆನ್ನಿಗೆ ದೊಡ್ಡವರು ಬೈಯಲು ಬಂದರು. ಮೇಲೆ ಕೂತು ಬೈದರು. ಮನಸಾರೆ ಬೈದಾದ ಮೇಲೆ ಆ ಸಲಿಕೆ ಹಿಡಿಯುವ ರೀತಿ ನೋಡಲಾರದೆ ಒಬ್ಬೊಬ್ಬರಾಗಿ ಇಳಿದರು. ಬಾವಿಗೆ ನೀರು ಬಂತು. ಕೊನೆಯ ಮನೆಯ ಹೆಂಗಸು ಮಾತ್ರ ಆ ಬಾವಿಯ ನೀರು ಮುಟ್ಟದೆ ಹಳ್ಳಕ್ಕೇ ಹೋಗಿ ತರುತ್ತಿದ್ದಳು.

ಮುಂದೆ ನಾಡು ಒಂದಾಯಿತು, ತಂಡ ಚದುರಿತು. ಮಾಸ್ತರರು ಗದಗಿಗೆ ಹೋದರು. ತಿರುಗಾಟದಲ್ಲಿ ಅವರ ಕೈಯಲ್ಲಿ ಅಕ್ಷರ ತಿದ್ದಿ ಕನ್ನಡ ಬರೆಯಲು ಕಲಿತಿದ್ದ ನನಗೆ ಶಹಾಪುರದ ಶಾಲೆಯಲ್ಲಿ ಕನ್ನಡ ಕಲಿಸುವ ನೌಕರಿ ಸಿಕ್ಕಿತು. ಆಗ ನಮ್ಮ ಭಾಗಕ್ಕೆ ನನ್ನಂಥವರೂ ನಡೆಯುತ್ತಿದ್ದರು. ಕಾಕಾ ದೋರನಹಳ್ಳಿಗೆ ಹಿಂತಿರುಗದೆ ತಮ್ಮ ಊರಿಗೆ ಹೋಗಿ ಅಲ್ಲೇ ಉಳಿದರು. ಕುರಿ ಕಾದರು. ಊರವರು ಮೊದಲು ಬೈದವರೇ, ಕೊನೆಗೆ ಸಭೆ ಇದ್ದರೆ, ಆಡು ಕಳೆದರೆ, ಊರ ಕೆಲಸವಿದ್ದರೆ ಕೂಗಲು ಅವರಿಗೇ ಹೇಳಿದರು. ಅಷ್ಟು ದೊಡ್ಡ ದನಿ ಊರಲ್ಲಿದ್ದು ದಂಡವಾಗುವುದು ಅವರಿಗೂ ಸರಿ ಕಾಣಲಿಲ್ಲ.

ನಾನು ರಜೆಯಲ್ಲಿ ಹೋದಾಗ ಅವರ ಹಿಂದೆ ತಿರುಗುತ್ತಿದ್ದೆ. ಕೊನೆಗೆ ಆ ಮನೆಯ ಮುಂದೆ ನಿಲ್ಲುವರು. ಕೂಗುವರು, ಬೆನ್ನು ತಿರುಗಿಸುವರು. ಒಳಗಿನಿಂದ "ಬರೂದಿಲ್ಲ" ಎಂದು ಬರುತ್ತಿತ್ತು. "ಆತು ತಂಗೆವ್ವಾ" ಎಂದು ಇವರು ಹೊರಡುವರು. ವರ್ಷಗಟ್ಟಲೆ ಆ ಇಬ್ಬರ ನಡುವೆ ಇದನ್ನು ಬಿಟ್ಟು ಬೇರೆ ಮಾತು ನಡೆಯಲಿಲ್ಲ. ಒಮ್ಮೆ ಒಳಗಿನಿಂದ ಉತ್ತರ ಬರಲಿಲ್ಲ, ಕಾಕಾ ಗಾಬರಿಯಾಗಿ ಪಕ್ಕದ ಮನೆಯವರನ್ನು ಕೇಳಿದರು. ಮಗಳ ಬಾಣಂತನಕ್ಕೆ ಹೋಗಿದ್ದಾಳೆ ಎಂದ ಮೇಲೆ ಉಸಿರು ಬಿಟ್ಟರು. ಆಕೆ ಒಂದು ದಿನ ಬರುತ್ತಾಳೆಂದು ಕಾಯುತ್ತೀರಾ ಎಂದು ಕೇಳಿದೆ. ಬರಲಿ ಅಂತಲ್ಲ, ಬರುವುದಿಲ್ಲ ಅನ್ನಲು ಬಂತಲ್ಲ ಅವಳಿಗೆ, ಅದನ್ನು ಕೇಳಲು ಹೋಗುತ್ತೇನೆ ಎಂದರು. ನಾನು ನಂಬಲಿಲ್ಲ. ಬೆನ್ನು ತಿರುಗಿಸಿದವರು ಎಲ್ಲ ಮನೆಯ ಮುಂದೆ ಬೇಗ ಕಾಲು ಕೀಳುತ್ತಿದ್ದರು, ಆ ಮನೆಯ ಮುಂದೆ ಮಾತ್ರ ಉತ್ತರ ಬಂದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು.

ಅವರು ಹೋದ ಸುದ್ದಿ ನನಗೆ ಸುರಪುರದ ಬಸ್ಸಿನ ಕಂಡಕ್ಟರ್ ಮುಟ್ಟಿಸಿದ. ಹೋಗುವಷ್ಟರಲ್ಲಿ ಹೆಣವನ್ನು ಕಟ್ಟೆಗೆ ಕೂರಿಸಿದ್ದರು, ಹೆಗಲ ಮೇಲೆ ಕಂಬಳಿ ಹಾಗೆಯೇ ಇತ್ತು. ಅವರ ಅಣ್ಣನ ಮಗ ತಲೆಗೆ ಕೈ ಹಚ್ಚಿ ನಿಂತಿದ್ದ. ಯಾರಾದರೂ ತೀರಿದರೆ ಮನೆಗೊಂದಾಳು ಮಣ್ಣಿಗೆ ಬರ್ರಿ ಎಂದು ಕೂಗುವುದು ಆ ಕಡೆಯ ಪದ್ಧತಿ. ಹಾಗೆ ಕೂಗಿದರೆ ಬರದೆ ಇರುವಂತಿಲ್ಲ, ಬರದಿದ್ದರೆ ಊರು ನೆನಪಿಡುತ್ತದೆ. ತನ್ನ ಮಣ್ಣಿಗೆ ಮಾತ್ರ ಹಾಗೆ ಕರೆಯಬೇಡಿ ಎಂದು ಕಾಕಾ ಹೇಳಿ ಸತ್ತಿದ್ದರು. ತಮ್ಮ ರೀತಿಯಲ್ಲಿ ಕರೆಯಬೇಕಂತೆ. ಸಾವಿನ ಮನೆಯಲ್ಲಿ ನಿಂತು ಇಲ್ಲಂದ್ರ ಬ್ಯಾಡ ಎನ್ನಲು ಊರಿನ ಯಾರಿಗೂ ಬಾಯಿ ಬರಲಿಲ್ಲ.

"ನೀವ ಕೂಗ್ರಿ ಮಾಸ್ತರ್ರ" ಎಂದ ಅಣ್ಣನ ಮಗ. "ಅವರ ಸಂಗಾಟ ತಿರಿಗೀರಿ."

ನನ್ನ ದನಿ ಶಾಲೆಯ ಕಡೆಯ ಬೆಂಚಿಗೂ ಮುಟ್ಟುವಂಥದ್ದಲ್ಲ. ಆದರೂ ಕಿವಿಗೆ ಕೈ ಇಟ್ಟುಕೊಂಡು ಓಣಿ ಓಣಿ ನಡೆದೆ. ಕಾಕಾ ತೀರಿಕೊಂಡಾರ, ಮಣ್ಣಿಗೆ ಬರೂದಿದ್ರ ಬರ್ರಿ, ಇಲ್ಲಂದ್ರ ಬ್ಯಾಡ. ಕೂಗಿ ಬೆನ್ನು ತಿರುಗಿಸಿದೆ. ಹಿಂದೆ ಬಾಗಿಲುಗಳ ಸದ್ದು, ಚಪ್ಪಲಿಗಳ ಸದ್ದು ಕೇಳುತ್ತಿತ್ತು. ಎಷ್ಟು ಜನ ಬಂದರೆಂದು ನಾನು ನೋಡಲಿಲ್ಲ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಕೊನೆಯ ಮನೆಗೆ ಬಂದೆ. ಕೂಗಿದೆ, ತಿರುಗಿ ನಿಂತೆ. ಬರೂದಿಲ್ಲ ಎಂದು ಕೇಳಲು ಕಾದೆ, ಆತು ತಂಗೆವ್ವಾ ಎನ್ನಲು ಬಾಯಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಒಳಗಿನಿಂದ ಏನೂ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಬಾಗಿಲಿನ ಚಿಲಕ ತೆಗೆದ ಸದ್ದಾಯಿತು, ಹಿಂದೆ ಕಾಲುಸಪ್ಪಳ ಬಂದು ನನ್ನ ಬೆನ್ನ ಹತ್ತಿರ ನಿಂತಿತು.

"ಕರದ್ರಿ ಅಂತ ಬಂದಿಲ್ಲ ನಾ" ಎಂದಳು. "ನಾನಾಗೇ ಬಂದೀನಿ."

ಮಾಸ್ತರರು ಅಷ್ಟು ಊರುಗಳಲ್ಲಿ ಅಷ್ಟು ಭಾಷಣಗಳಲ್ಲಿ ಬಿಡಿಸಿ ಹೇಳಿದ್ದ ಮಾತು ಅದು.

"ಆತವ್ವಾ" ಎಂದೆ. ತಿರುಗಿ ನೋಡಲಿಲ್ಲ. ಆಕೆ ನನ್ನನ್ನು ದಾಟಿಕೊಂಡು ಮುಂದೆ ನಡೆದಳು.